ಊಟಕ್ಕೆ ಕಿವಿಯಿಡುವ ಊರು

ನಮ್ಮೂರಿನಲ್ಲಿ ಉಣ್ಣಲು ಕೂತವರು ಮೊದಲು ತಟ್ಟೆಗೆ ಕಿವಿಯಿಡುತ್ತಾರೆ. ಹೊರಗಿನಿಂದ ಬಂದವರು ಅದನ್ನು ನೋಡಿ, ಇವರೆಲ್ಲ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವ ಜನ ಎಂದುಕೊಳ್ಳುವುದುಂಟು. ನಾವು ಕೇಳುವುದು ಗುನುಗನ್ನು. ತಿನ್ನುವ ಪದಾರ್ಥದಲ್ಲಿ ವಿಷವಿದ್ದರೆ ಅದು ಗುನುಗುತ್ತದೆ. ಹೆಚ್ಚಿದ್ದರೆ ಜೋರಾಗಿ, ಕಡಿಮೆಯಿದ್ದರೆ ಮೆಲ್ಲಗೆ. ಬೂಷ್ಟು ಹಿಡಿದ ಕಡಲೆಕಾಯಿ ದುಂಬಿಯ ಹಾಗೆ ಗುನುಗುತ್ತದೆ. ಔಷಧಿ ಹೊಡೆದ ಮಾರನೆಯ ದಿನವೇ ಕಿತ್ತು ತಂದ ಹೂಕೋಸಿನ ಸದ್ದು ದೂರದ ರೈಸ್‌ಮಿಲ್ಲಿನಂತಿರುತ್ತದೆ. ಗುನುಗಿದ್ದನ್ನು ಊರಾಚೆಯ ಹಳ್ಳಕ್ಕೆ ಸುರಿಯುವುದು, ಸುಮ್ಮನಿದ್ದದ್ದನ್ನು ಉಣ್ಣುವುದು, ಇಷ್ಟೇ ನಮ್ಮ ರೂಢಿ. ಊಟದ ಹೊತ್ತಿಗೆ ಮನೆಗಳಲ್ಲಿ ರೇಡಿಯೊ ಆರುತ್ತದೆ. ಮದುವೆಮನೆಯಲ್ಲಿ ಎಲೆಗೆ ಬಡಿಸಿ ಮುಗಿಯುತ್ತಿದ್ದಂತೆ ವಾದ್ಯ ನಿಲ್ಲುತ್ತದೆ. ನೆಗಡಿಯಾಗಿ ಕಿವಿ ಕಟ್ಟಿದವರು ಹೋಟೆಲಿಗೆ ಕಾಲಿಡುವುದಿಲ್ಲ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಹುಡುಗಿಯ ಕಿವಿ ಎಷ್ಟು ಚುರುಕು ಎಂದು ವಿಚಾರಿಸುತ್ತಾರೆ.

ಬಾಣಂತಿಯರಿಗೆ ಮಾತ್ರ ಈ ಕೆಲಸವಿಲ್ಲ. ಥಂಡಿಯಾಗಬಾರದೆಂದು ಅವರ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿರುತ್ತಾರಲ್ಲ. ಅವರ ಪರವಾಗಿ ಬಾಣಂತನ ಮಾಡುವವರು ಕೇಳುತ್ತಾರೆ.

ನಾನು ಹುಡುಗಿಯರ ಹಾಸ್ಟೆಲಿನ ವಾರ್ಡನ್. ಅಡುಗೆಯಾದ ಮೇಲೆ ಪ್ರತಿ ಹಂಡೆಗೂ ಕಿವಿಯಿಟ್ಟು, ಬಡಿಸಬಹುದು ಎಂದು ಕೈ ಎತ್ತುವುದು ನನ್ನ ಕೆಲಸ. ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಮನೆ ಬ್ಯಾಂಡ್ ಸೆಟ್ಟಿನ ಸಂಪಂಗಪ್ಪನದು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿದ್ದವರು ಅವನು, ಅವನ ತಾಯಿ ಅಕ್ಕಯಮ್ಮ, ಮತ್ತು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ನೀಲವೇಣಿ. ಗಂಡುಮಗುವಾಗಿತ್ತು. ತಾಯಿಯಿಲ್ಲದ ಹುಡುಗಿಗೆ ಅಜ್ಜಿಯೇ ಬಾಣಂತನ ಮಾಡುತ್ತಿದ್ದಳು. ನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಸುವುದು, ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ, ಯಾವುದನ್ನೂ ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ.

ಅಕ್ಕಯಮ್ಮನಿಗೆ ವಯಸ್ಸಿನಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಅದನ್ನವಳು ಒಪ್ಪುತ್ತಿರಲಿಲ್ಲ. ಒಂದು ದಿನ ಉಣ್ಣಲು ಕೂತಾಗ ಅವಳು ತಲೆಯನ್ನು ತಟ್ಟೆಯೊಳಗೇ ಇಳಿಸಿ, ಎದ್ದಾಗ ಕಿವಿಯಂಚಿಗೆ ಅನ್ನದಗುಳು ಮೆತ್ತಿಕೊಂಡಿದ್ದನ್ನು ಸಂಪಂಗಪ್ಪ ನೋಡಿದ. ನಗು ಬರಲಿಲ್ಲವಂತೆ ಅವನಿಗೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ತುತ್ತೂರಿಯ ಬಾಯನ್ನು ಕೊಯ್ದು, ತಟ್ಟಿ, ಸಣ್ಣ ತುದಿಗೆ ಮೇಣ ಮೆತ್ತಿ, ತಾಯಿಯ ಕಿವಿಗೆ ಕೂರುವಂಥ ಒಂದು ಹಿತ್ತಾಳೆ ಕೊಳವೆ ಮಾಡಿಕೊಟ್ಟ. ಅಕ್ಕಯಮ್ಮ ಅದನ್ನು ಕಿವಿಗಿಟ್ಟುಕೊಂಡು ತಟ್ಟೆಯ ಮೇಲೆ ಬಾಗಿದಳು. ಬಾಗಿದವಳು ತಟ್ಟೆಯನ್ನು ದೂರ ತಳ್ಳಿದಳು.

ಸಂಪಂಗಪ್ಪ ಆ ತಟ್ಟೆಯನ್ನೂ ಕೊಳವೆಯನ್ನೂ ಹಿಡಿದುಕೊಂಡು ಹಾಸ್ಟೆಲಿಗೆ ಬಂದ. "ಮೇಡಮ್ಮೋರೆ, ಒಂದ್ಸಲ ಕೇಳಿ ನೋಡಿ. ಅವ್ವ ಅನ್ನ ಗುನುಗ್ತೈತೆ ಅಂದ್ಲು. ಬರೀ ಕಿವೀಗೆ ಏನೂ ಇಲ್ಲ. ಇದಿಟ್ಕಂಡ್ರೆ ನಂಗೂ ಕೇಳಿಸ್ತಾ ಐತೆ."

ನಾನು ಕೇಳಿದೆ. ಇತ್ತು. ಸೊಳ್ಳೆಯೊಂದು ಪರದೆಯ ಆಚೆ ಹಾರಾಡುವ ಹಾಗೆ, ತೆಳ್ಳಗೆ, ನಿಲ್ಲದೆ. ನನ್ನ ಅಡುಗೆಮನೆಗೆ ಓಡಿ ನಮ್ಮ ಅನ್ನದ ಹಂಡೆಗೆ ಹಿಡಿದೆ. ಅಲ್ಲೂ ಇತ್ತು. ಬೇಳೆ, ಪಾಲಕ್ ಸೊಪ್ಪು, ಆಲೂಗಡ್ಡೆ, ಉಪ್ಪು, ಕಾಫಿಪುಡಿ, ಹಾಲು, ಒಂದೊಂದಕ್ಕೆ ಒಂದೊಂದು ದನಿ. ಹುಟ್ಟಿದಂದಿನಿಂದ ಸುಮ್ಮನಿದೆ ಎಂದು ನಾವು ಉಂಡದ್ದೆಲ್ಲ ಗುನುಗುತ್ತಲೇ ಇತ್ತು. ನನಗೆ ಆ ಕ್ಷಣ ಹೆದರಿಕೆಗಿಂತ ಹೆಚ್ಚಾಗಿ ಸೋಜಿಗವಾಯಿತೆಂದು ಹೇಳಬೇಕು. ಬದನೆಕಾಯಿಯನ್ನು ಬಿಟ್ಟು ಹುಣಿಸೆಹಣ್ಣಿಗೆ, ಹುಣಿಸೆಹಣ್ಣನ್ನು ಬಿಟ್ಟು ಸಾಸಿವೆಗೆ ಕೊಳವೆ ಹಿಡಿಯುತ್ತಾ, ಮಕ್ಕಳು ಊಟಕ್ಕೆ ಕಾಯುತ್ತಿರುವುದನ್ನೇ ಮರೆತೆ.

ಸೋಜಿಗ ಹೆಚ್ಚು ಕಾಲ ಉಳಿಯಲಿಲ್ಲ. ಸುದ್ದಿ ಹಬ್ಬಿ, ಪಾತ್ರೆ ಅಂಗಡಿಯವರೆಲ್ಲ ಹಿತ್ತಾಳೆ ಕೊಳವೆ ಮಾಡಲು ನಿಂತರು. ಮನೆಮನೆಗೂ ಕೊಳವೆ ಬಂತು. ಹಳ್ಳದ ತುಂಬ ಅನ್ನ ಬಿತ್ತು. ಗುನುಗಿದ್ದನ್ನು ತಿನ್ನಬಾರದೆಂಬ ರೂಢಿ ಇದ್ದದ್ದು ಹಾಗೆಯೇ ಇತ್ತು, ಗುನುಗದೆ ಉಳಿದದ್ದು ಮಾತ್ರ ಏನೂ ಇರಲಿಲ್ಲ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಎಲ್ಲಕ್ಕಿಂತ ಮೆಲ್ಲಗೆ ಗುನುಗುವುದು ಸಿಹಿಗುಂಬಳವೆಂದು ಕಂಡುಕೊಂಡು ಮೂರು ಹೊತ್ತೂ ಅದನ್ನೇ ತಿಂದು ಹಾಸಿಗೆ ಹಿಡಿದರು. ನನ್ನ ಹುಡುಗಿಯರು ಅರ್ಧ ತಟ್ಟೆಯಲ್ಲೇ ಏಳತೊಡಗಿದರು. ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬಳು ತಲೆ ತಿರುಗಿ ಬಿದ್ದಳು. ನಾನು ಕೈ ಎತ್ತಲೂ ಆಗದೆ, ಎತ್ತದಿರಲೂ ಆಗದೆ ಹಂಡೆಯ ಮುಂದೆ ನಿಂತಿರುತ್ತಿದ್ದೆ.

ಅಂಥದರಲ್ಲಿ ಒಂದು ಮಧ್ಯಾಹ್ನ ಕಾಂಪೌಂಡಿನಾಚೆಯಿಂದ ಮಗು ಅಳುವುದು ಕೇಳಿಸಿತು. ಹಿಂದಿನ ದಿನವೂ ಅತ್ತಿತ್ತು. ನಾನು ಹೋಗಿ ನೋಡಿದರೆ, ನೀಲವೇಣಿ ಕಿವಿಯ ಹತ್ತಿ ಕಿತ್ತು ಬಿಸಾಕಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಅಕ್ಕಯಮ್ಮ ಒಳಲೆಯಲ್ಲಿ ಹಸುವಿನ ಹಾಲು ಕುಡಿಸಲು ನೋಡುತ್ತಿದ್ದಳು. ಮಗು ಕುಡಿದದ್ದನ್ನೆಲ್ಲ ಕಕ್ಕುತ್ತಿತ್ತು, ಭೇದಿಯೂ ಹತ್ತಿತ್ತು.

"ಏನಾಯ್ತೇ?" ಅಂದೆ.

ನೀಲವೇಣಿ ತಿರುಗಲಿಲ್ಲ. ಅಕ್ಕಯಮ್ಮನೇ ಹೇಳಿದಳು. "ಮೊನ್ನೆ ಎದೆಹಾಲು ಒಂದು ಬಟ್ಟಲಿಗೆ ಹಿಂಡ್ಕಂಡು ಆ ಹಾಳು ಕೊಳವೇಲಿ ಕೇಳವ್ಳೆ ಕಣವ್ವ. ಅವತ್ತಿಂದ ಮಗೀನ ಎದೆಗೆ ಹಾಕ್ಕಂಡಿಲ್ಲ. ಬಂದವರೆಲ್ಲ ಹೇಳಿ ಹೇಳಿ ಸಾಕಾಯ್ತು."

"ಅನ್ನಕ್ಕಿಂತ ಜೋರಾಗಿ ಗುನುಗ್ತೈತೆ, ಮೇಡಂ," ಅಂದಳು ನೀಲವೇಣಿ, ಗೋಡೆಗೇ. "ಗುನುಗೋದನ್ನ ನಾಯೀಗೂ ಹಾಕಲ್ಲ ನಾವು. ನನ್ನ ಮಗೂಗೆ ಹೆಂಗೆ ಕೊಡ್ಲಿ?"

ಮಗುವಿನ ನೆತ್ತಿ ತಗ್ಗಾಗಿತ್ತು. ನಾನು ಮಾತಿಗೆ ನಿಲ್ಲಲಿಲ್ಲ. ಫಿಲೋಮಿನಾ ಡಾಕ್ಟರನ್ನು ಕರೆತರಲು ಹೋದೆ.

ಫಿಲೋಮಿನಾ ಡಾಕ್ಟರು ನಮ್ಮೂರಿಗೆ ಬಂದು ಬಹಳ ವರ್ಷಗಳಾಗಿದ್ದರೂ ಅವರು ಹುಟ್ಟಿ ಬೆಳೆದದ್ದು ಬೇರೆಡೆ. ಊಟಕ್ಕೆ ಕಿವಿಯಿಡುವ ಅಭ್ಯಾಸ ಅವರಿಗೆ ಕೊನೆಗೂ ಹತ್ತಲಿಲ್ಲ. ಆದರೆ ಯಾವುದಾದರೂ ಗುನುಗಿದರೆ ಅದನ್ನು ಸುರಿಯದೆ, ಬಾಟಲಿಗೆ ಹಾಕಿ ಮನೆಗೆ ಒಯ್ಯುತ್ತಿದ್ದರು. ಅವರು ಬಂದು ಮಗುವನ್ನು ಮುಟ್ಟಿ ನೋಡಿದರು, ನಾಲಿಗೆ ನೋಡಿದರು, ಆಮೇಲೆ ನೀಲವೇಣಿಯ ಎದುರು ನೆಲದ ಮೇಲೆ ಕೂತರು.

"ನೀನು ಕೇಳಿಸ್ಕೊಂಡಿದ್ದು ಸುಳ್ಳು ಅಂತ ನಾನು ಹೇಳಲ್ಲ," ಅಂದರು. "ಆದ್ರೆ ಕೇಳಮ್ಮ. ಆ ಗುನುಗು ಏನಾದ್ರೂ ಕೆಟ್ಟದ್ದು ಮಾಡೋದಿದ್ರೆ, ತಿಂಗಳುಗಟ್ಟಲೆ ಮೈಯಲ್ಲಿ ಸೇರಿ ಸೇರಿ ಮಾಡುತ್ತೆ. ಈ ವಾಂತಿ ಭೇದಿ ಹಾಗಲ್ಲ, ನಾಳೆ ನಾಡಿದ್ದೇ ಮಾಡಿಬಿಡುತ್ತೆ. ಎರಡೂ ಅಪಾಯಾನೇ. ಒಂದು ಬಾಗಿಲಲ್ಲಿ ನಿಂತಿದೆ, ಇನ್ನೊಂದು ಇನ್ನೂ ಬರೋ ದಾರೀಲಿದೆ. ಬರೋದನ್ನ ಹುಡುಕಿ ತಡೆಯೋ ಕೆಲಸ ನನಗೆ ಬಿಡು. ಬಾಗಿಲಲ್ಲಿರೋದನ್ನ ಓಡಿಸೋದು ನಿನ್ನಿಂದ ಮಾತ್ರ ಆಗೋದು."

"ಏನೂ ಗುನುಗದೆ ಇರೋ ಹಾಲು ಎಲ್ಲೂ ಇಲ್ವಾ?"

"ನಾನೂ ಹುಡುಕ್ತಾ ಇದೀನಿ. ಇನ್ನೂ ಸಿಕ್ಕಿಲ್ಲ."

ನೀಲವೇಣಿ ಮಗುವಿನ ಕಡೆ ತಿರುಗಿದಳು. ಮಗು ಅಳುವುದನ್ನು ನಿಲ್ಲಿಸಿತ್ತು, ಅದು ಅಳುವಿಗಿಂತ ಕೆಟ್ಟದ್ದಾಗಿತ್ತು. ಅವಳು ಅಜ್ಜಿಯ ತೊಡೆಯಿಂದ ಅದನ್ನೆತ್ತಿ ಎದೆಗೆ ಒತ್ತಿಕೊಂಡಳು. ಮಗು ಕುಡಿಯಿತು. ಅವಳು ಎರಡೂ ಕಿವಿಗಳನ್ನು ಅಂಗೈಗಳಿಂದ ಮುಚ್ಚಿಕೊಳ್ಳಲು ನೋಡಿದಳು. ಮಗುವಿಗೆ ಒಂದು ಕೈ ಬೇಕಾದ್ದರಿಂದ ಒಂದು ಕಿವಿ ತೆರೆದೇ ಉಳಿಯಿತು.

ಆಚೆ ಬಂದ ಮೇಲೆ ಡಾಕ್ಟರು ನನಗೆ ಹೇಳಿದರು, "ಒಂದು ಮಾತು ನನ್ನ ತಲೆ ತಿಂತಾ ಇದೆ, ವಿಶಾಲಾಕ್ಷಿ. ಅನ್ನಕ್ಕಿಂತ ಜೋರು ಅಂದ್ಲಲ್ಲ. ಯಾಕೆ ಜೋರು? ಎದುರು ಸಾಲಿನ ಬಾಣಂತಿಯ ಹಾಲು ನಾನು ಕೇಳಿದೀನಿ. ಅದು ಅಷ್ಟಿರಲಿಲ್ಲ."

ಮಾರನೆಯ ದಿನ ಭಾನುವಾರ. ಹುಡುಗಿಯರನ್ನು ಹೊರಗೆ ಆಡಲು ಕಳಿಸಿ, ಹಾಸ್ಟೆಲಿನ ಊಟದ ಹಾಲ್ ಖಾಲಿ ಮಾಡಿಸಿದೆವು. ಡಾಕ್ಟರು ಒಂದು ಯೋಚನೆ ಹಾಕಿಕೊಂಡು ಬಂದಿದ್ದರು. ಒಂದು ಬಟ್ಟಲನ್ನು ಗೋಡೆಯ ಬದಿಗಿಟ್ಟು, ಕೊಳವೆಯನ್ನು ಕಿವಿಗಿಟ್ಟುಕೊಂಡು ಹಿಂದೆ ಹಿಂದೆ ಸರಿಯುವುದು. ಗುನುಗು ಎಲ್ಲಿ ಕೇಳಿಸದಾಗುತ್ತದೋ ಅಲ್ಲಿ ನೆಲದ ಮೇಲೆ ರಂಗೋಲಿಯ ಚುಕ್ಕಿಯಿಡುವುದು. ಸಂಪಂಗಪ್ಪ ಸರಿಯುತ್ತಿದ್ದ, ನಾನು ಚುಕ್ಕಿಯಿಡುತ್ತಿದ್ದೆ. ಮೊದಲು ಕೈಗೆ ಸಿಕ್ಕ ಕೆಲವನ್ನು ಒಂದೊಂದು ಚಮಚ ಇಟ್ಟೆವು. ಕರಿಮೆಣಸಿನ ಚುಕ್ಕಿ ಬಾಗಿಲ ಹತ್ತಿರ ಹೋಯಿತು, ಅನ್ನದ ಚುಕ್ಕಿ ಬಟ್ಟಲಿಗೇ ಅಂಟಿಕೊಂಡಿತು.

"ಹಂಗಾದ್ರೆ ಮೆಣಸು ಬಿಟ್ಬಿಡ್ಬೇಕು," ಅಂದ ಸಂಪಂಗಪ್ಪ.

"ನೀನು ದಿನಕ್ಕೆ ಒಂದು ಚಮಚ ಮೆಣಸು ತಿಂತೀಯಾ?" ಎಂದರು ಡಾಕ್ಟರು. ಹಾಗೆಂದವರು ತಾವೇ ಒಂದು ಕ್ಷಣ ನಿಂತು, "ತಡಿ, ತಡಿ. ಎಲ್ಲಾ ತೆಗೀರಿ. ಒಬ್ಬರು ಒಂದು ದಿನಕ್ಕೆ ಎಷ್ಟು ತಿಂತಾರೋ ಅಷ್ಟಷ್ಟೇ ಇಡೋಣ" ಎಂದರು.

ಮತ್ತೆ ಇಟ್ಟೆವು. ಮೆಣಸು ನಾಲ್ಕಾರು ಕಾಳು, ಅನ್ನ ಒಂದು ದೊಡ್ಡ ಗುಡ್ಡೆ. ಈ ಸಲ ಮೆಣಸು ಪೂರ್ತಿ ಅಡಗಿ, ಅನ್ನದ ಚುಕ್ಕಿ ಬಾಗಿಲ ಕಡೆ ಹೋಯಿತು. ನನಗಂತೂ ಆಟದ ಹಾಗೆ ಖುಷಿಯಾಗತೊಡಗಿತು. ಸೊಪ್ಪನ್ನು ನಾಲ್ಕು ಸಲ ತೊಳೆದು ಇಟ್ಟರೆ ಚುಕ್ಕಿ ಬಟ್ಟಲಿನ ಕಡೆಗೆ ಸರಿಯಿತು. ಅಕ್ಕಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಗಂಜಿ ಬಸಿದರೆ ಅನ್ನದ ಚುಕ್ಕಿಯೂ ಬಟ್ಟಲಿಗೆ ಹತ್ತಿರ ಬಂತು. ಬೂಷ್ಟು ಕಟ್ಟಿದ ಕಡಲೆಕಾಯಿ ಒಂದೇ ಒಂದು ಹಿಡಿ ಇಟ್ಟರೂ ಸಂಪಂಗಪ್ಪ ಹಿಂದೆ ಸರಿಯುತ್ತಾ ಹೋಗಿ ಬಾಗಿಲು ದಾಟಿ ಅಂಗಳದಿಂದ, "ಇನ್ನೂ ಕೇಳ್ತಾ ಐತೆ!" ಎಂದು ಕೂಗಿದ. ಅದನ್ನು ಬಿಸಾಕಲು ಯಾರ ಸಲಹೆಯೂ ಬೇಕಾಗಿರಲಿಲ್ಲ.

"ಇದೇ ಅನ್ನವನ್ನ ನೀವು ತಿಂದ್ರೆ ಒಂದು ಲೆಕ್ಕ, ಎಳೇ ಮಗು ತಿಂದ್ರೆ ಬೇರೆ ಲೆಕ್ಕ," ಅಂದರು ಡಾಕ್ಟರು. "ಮಗುವಿನ ಮೈ ಚಿಕ್ಕದು. ನಮಗೆ ಪಿಸುಮಾತಾಗಿದ್ದು ಅದಕ್ಕೆ ಕೂಗು."

ಆಮೇಲೆ ನೀಲವೇಣಿಯ ಹಾಲಿನ ಬಟ್ಟಲು, ಪಕ್ಕದಲ್ಲಿ ಎದುರು ಸಾಲಿನ ಬಾಣಂತಿಯ ಹಾಲಿನ ಬಟ್ಟಲು. ಎರಡು ಚುಕ್ಕಿಗಳ ನಡುವೆ ಒಬ್ಬರು ಕಾಲು ಚಾಚಿ ಮಲಗಬಹುದಿತ್ತು. ದೂರದ್ದು ನೀಲವೇಣಿಯದು. ಇಬ್ಬರೂ ಒಂದೇ ಅಂಗಡಿಯ ಅಕ್ಕಿ ಉಣ್ಣುವವರು, ಒಂದೇ ನಲ್ಲಿಯ ನೀರು ಕುಡಿಯುವವರು.

ನಾವು ಮೂವರೂ ನೀಲವೇಣಿಯ ಕೋಣೆಗೆ ಹೋದೆವು. ಡಾಕ್ಟರು ಬೆಳಗಿನಿಂದ ರಾತ್ರಿಯವರೆಗೆ ಏನೇನು ಬಾಯಿಗೆ ಹೋಗುತ್ತದೆ ಎಂದು ಕೇಳುತ್ತಾ ಹೋದರು. ಅನ್ನ, ಮೆಣಸಿನ ಸಾರು, ತುಪ್ಪ, ಸಬ್ಬಸಿಗೆ ಸೊಪ್ಪಿನ ಪಲ್ಯ. ಎಲ್ಲವೂ ಎದುರು ಸಾಲಿನವಳು ತಿನ್ನುವಂಥದ್ದೇ.

"ಮತ್ತೇನಾದ್ರೂ?"

"ಅಜ್ಜಿ ಕಟ್ಟಿದ ಉಂಡೆ," ಅಂದಳು ನೀಲವೇಣಿ. "ಬೆಳಗ್ಗೆ ಎರಡು, ಸಂಜೆ ಎರಡು. ಅರಿಶಿನದ್ದು. ಹಾಲು ಕೊಡೋದು ಬಿಟ್ಟಾಗಿಂದ ತಿಂದಿಲ್ಲ."

ಅಕ್ಕಯಮ್ಮ ಹುರುಪಿನಿಂದ ಎದ್ದು ಅಟ್ಟದಿಂದ ಡಬ್ಬ ಇಳಿಸಿದಳು. "ಅರಿಶಿನ, ಬೆಲ್ಲ, ಶುಂಠಿ, ತುಪ್ಪ. ಬಾಣಂತಿ ಮೈ ಗಟ್ಟಿಯಾಗ್ಬೇಕಲ್ಲವ್ವ. ಮಗು ಹುಟ್ಟಿದ್ ದಿನಾನೇ ಕಟ್ಟಿಟ್ಟೆ. ಎಷ್ಟು ಚೆಂದದ ಬಣ್ಣ ನೋಡು. ಅಂಗ್ಡೀಲಿದ್ದ ಅರಿಶಿನದಾಗೆಲ್ಲ ಇದೇ ಚೆಂದಿತ್ತು."

ಅವಳು ಮುಚ್ಚಳ ತೆಗೆದಳು. ಕೊಳವೆ ಸಂಪಂಗಪ್ಪನ ಕೈಯಲ್ಲಿತ್ತು. ನಮಗೆ ಅದು ಬೇಕಾಗಲಿಲ್ಲ. ಡಬ್ಬದಿಂದ ಸದ್ದು ಬಂದದ್ದು ಬರಿಗಿವಿಗೆ ಕೇಳಿಸಿತು, ನನಗೆ, ಡಾಕ್ಟರಿಗೆ, ಸಂಪಂಗಪ್ಪನಿಗೆ, ಹತ್ತಿ ಕಿತ್ತೆಸೆದ ನೀಲವೇಣಿಗೆ. ಆ ಕೋಣೆಯಲ್ಲಿ ಅದನ್ನು ಕೇಳಿಸಿಕೊಳ್ಳದೆ ಇದ್ದವಳು ಅಕ್ಕಯಮ್ಮ ಒಬ್ಬಳೇ. ಅವಳು ಡಬ್ಬವನ್ನು ನಮ್ಮತ್ತ ಚಾಚಿಕೊಂಡು ನಗುತ್ತಾ ನಿಂತಿದ್ದಳು.

ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಅವಳ ನಗು ಸಣ್ಣದಾಯಿತು. "ಕಟ್ಟಿದ್ ದಿನ ನಾನೇ ಕಿವಿಯಿಟ್ಟು ಕೇಳಿದ್ನಲ್ಲ," ಅಂದಳು. "ಸುಮ್ಕಿತ್ತು." ಕೊಳವೆ ಬಂದದ್ದು ಆಮೇಲೆ. ಬಂದ ಮೇಲೆ ಊರೆಲ್ಲ ಅನ್ನಕ್ಕೆ, ಉಪ್ಪಿಗೆ ಅದನ್ನು ಹಿಡಿದು ಹೌಹಾರಿತ್ತು. ಹಿಂದೆಯೇ ಕೇಳಿ ಮುಗಿಸಿದ್ದ ಡಬ್ಬದ ನೆನಪು ಯಾರಿಗೂ ಆಗಿರಲಿಲ್ಲ. ಅಕ್ಕಯಮ್ಮ ಮಗನ ಕೈಯಿಂದ ಕೊಳವೆ ತೆಗೆದುಕೊಂಡು, ನಿಧಾನವಾಗಿ ಡಬ್ಬದ ಮೇಲೆ ಬಾಗಿದಳು. ಬಾಗಿದವಳು ಹಾಗೆಯೇ ನೆಲಕ್ಕೆ ಕುಸಿದು ಕೂತಳು.

ಒಂದೊಂದೇ ಪದಾರ್ಥ ಬಿಡಿಸಿ ಕೇಳಿದಾಗ ಬೆಲ್ಲ, ಶುಂಠಿ, ತುಪ್ಪ ಅಷ್ಟಕ್ಕಷ್ಟೇ. ಅಳಿದುಳಿದ ಅರಿಶಿನದ ಪುಡಿ ಮಾತ್ರ ಜೇನುಗೂಡಿನಂತಿತ್ತು. ಡಾಕ್ಟರು ಅದನ್ನು ಬೆರಳ ತುದಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದರು. "ಇಷ್ಟು ಹೊಳೆಯೋ ಹಳದಿ ಗೆಡ್ಡೆಯಿಂದ ಬರಲ್ಲ. ಬಣ್ಣ ಬರಲಿ ಅಂತ ಸೀಸ ಇರೋ ಪುಡಿ ಬೆರೆಸಿದಾರೆ," ಎಂದರು. ಅದೇ ಅರಿಶಿನ ನನ್ನ ಹಾಸ್ಟೆಲಿನಲ್ಲೂ ಇತ್ತು, ಓಣಿಯ ಎಲ್ಲ ಮನೆಯಲ್ಲೂ ಇತ್ತು. ನಾವು ಹಂಡೆ ಸಾರಿಗೆ ಒಂದು ಚಿಟಿಕೆ ಹಾಕುತ್ತಿದ್ದೆವು, ಅಷ್ಟಕ್ಕೇನೆಂದು ಅದರ ಡಬ್ಬಕ್ಕೆ ಯಾರೂ ಕಿವಿಯಿಟ್ಟಿರಲಿಲ್ಲ. ಅದರ ದನಿ ಸಾರಿನಲ್ಲಿ ಕರಗಿಹೋಗುತ್ತಿತ್ತು. ನೀಲವೇಣಿ ಒಬ್ಬಳೇ ಹಿಡಿಗಟ್ಟಲೆ ತಿಂದಿದ್ದಳು. ಚಿಟಿಕೆಯಾದರೂ ಇಟ್ಟುಕೊಳ್ಳುವುದು ಬೇಡವೆಂದು ಡಾಕ್ಟರು ನನ್ನ ಡಬ್ಬವನ್ನೂ ಖಾಲಿ ಮಾಡಿಸಿದರು.

ಅರಿಶಿನ ಮಾರಿದ ಅಂಗಡಿಯವನ ಮುಂದೆ ಜನ ಸೇರಿದಾಗ ಅವನು ಮೂಟೆ ಬಿಚ್ಚಿ ತಾನೇ ಕಿವಿಯಿಟ್ಟ. ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಅವನೂ ಎಲ್ಲರಂತೆ ತಟ್ಟೆಗೆ ಕಿವಿಯಿಟ್ಟವನು, ಮೂಟೆಗೆ ಯಾವತ್ತೂ ಇಟ್ಟವನಲ್ಲ. ಅಲ್ಲಿಂದ ಮುಂದೆ ನಮ್ಮ ಸಂತೆಯಲ್ಲಿ ಲಾರಿಯಿಂದ ಇಳಿಯುವ ಮೂಟೆಗಳಿಗೆ ಕಿವಿಯಿಡುವ ಪದ್ಧತಿ ಶುರುವಾಯಿತು.

ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಚುಕ್ಕಿಗಳನ್ನು ನೋಡಲು ಊರೇ ಬಂತು. ಅಂಚೆ ಕಚೇರಿಯ ಗುಮಾಸ್ತರು ಗೋಡೆ ಹಿಡಿದುಕೊಂಡು ನಿಂತು, "ಹಾಗಾದ್ರೆ ವಿಷ ತಿನ್ನಿ ಅಂತೀರಾ ಡಾಕ್ಟ್ರೇ?" ಎಂದು ಕೇಳಿದರು.

"ತಿಂತಾನೇ ಬಂದಿದೀವಿ ಸ್ವಾಮಿ, ನಿಮ್ಮ ತಾತನ ಕಾಲದಿಂದ," ಎಂದರು ಡಾಕ್ಟರು. "ಇದೆಯಾ ಇಲ್ವಾ ಅಂತ ಕೇಳೋದು ಮುಗೀತು. ಎಷ್ಟಿದೆ, ಯಾರು ತಿಂತಾರೆ, ದಿನಾ ತಿಂತಾರಾ, ಅದನ್ನ ಕೇಳೋಣ ಇನ್ಮೇಲೆ. ಅಕ್ಕಿ ತೊಳೀರಿ, ಗಂಜಿ ಬಸೀರಿ, ನಾಲ್ಕು ದಿನ ರಾಗಿ ತಿನ್ನಿ. ಕುಂಬಳಕಾಯಿ ಒಂದನ್ನೇ ತಿಂದು ಸಾಯ್ಬೇಡಿ."

ಜನ ನಕ್ಕರು. ಎಲ್ಲರಿಗೂ ಸಮಾಧಾನವಾಯಿತೆಂದು ಹೇಳಲಾರೆ. ಕೆಲವರು ಇಂದಿಗೂ ಕೊಳವೆಯಿಲ್ಲದೆ ನೀರನ್ನೂ ಕುಡಿಯುವುದಿಲ್ಲ. ಕೆಲವರು ಅದನ್ನು ಆ ವಾರವೇ ಗುಜರಿಗೆ ಹಾಕಿದರು. ನನ್ನ ಹುಡುಗಿಯರು ಮೊದಲಿನಂತೆ ಉಣ್ಣತೊಡಗಿದರು, ಬಸಿದ ಅನ್ನಕ್ಕೆ ರುಚಿಯಿಲ್ಲವೆಂದು ಗೊಣಗುತ್ತಾ. ನೀಲವೇಣಿಯ ಹಾಲಿನ ಗುನುಗು ವಾರವಾರಕ್ಕೂ ತಗ್ಗಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಮೈಯೊಳಗೆ ಸೇರಿದ ಸೀಸ ಬೇಗ ಬಿಟ್ಟುಹೋಗುವುದಿಲ್ಲವೆಂದು ಡಾಕ್ಟರು ತಾಯಿ ಮಗು ಇಬ್ಬರನ್ನೂ ಕರೆಸಿ ಕರೆಸಿ ನೋಡುತ್ತಿದ್ದರು. ಮಗು ಮೈಕೈ ತುಂಬಿಕೊಂಡಿತು, ಮಗುಚಿಕೊಂಡಿತು, ಗಿಲಕಿಯ ಸದ್ದಿಗೆ ಕತ್ತು ತಿರುಗಿಸಿತು.

ಅಕ್ಕಯಮ್ಮ ಮಾತ್ರ ಅಂದಿನಿಂದ ಒಲೆಯ ಹತ್ತಿರ ಹೋಗಲಿಲ್ಲ. ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಸಂಪಂಗಪ್ಪ ಕೈಗಾದಂತೆ ಬೇಯಿಸಿ ಹಾಕುತ್ತಿದ್ದ. ಅವಳು ಜಗಲಿಯ ಮೇಲೆ ಕೂತು, ಅವನು ತಂದಿಟ್ಟದ್ದನ್ನು ಕೇಳದೆಯೇ ಉಣ್ಣುತ್ತಿದ್ದಳು. ನಾನು ಮಾತಾಡಿಸಿದರೆ, ಕೇಳಿಸಲಿಲ್ಲವೆಂದು ಕೈಯಾಡಿಸುತ್ತಿದ್ದಳು.

ಮಗುವಿಗೆ ಮೊದಲ ಅನ್ನ ಉಣ್ಣಿಸುವ ದಿನ ಓಣಿಯವರೆಲ್ಲ ಸೇರಿದೆವು. ನೀಲವೇಣಿಯ ಗಂಡನ ಮನೆಯವರೂ ಬಂದಿದ್ದರು. ಬೆಳ್ಳಿ ಬಟ್ಟಲಲ್ಲಿ ಮೆತ್ತಗೆ ಬೇಯಿಸಿದ ಅನ್ನ, ತುಪ್ಪ, ಒಂದಿಷ್ಟು ಹಾಲು. ಅತ್ತೆ ಬಟ್ಟಲಿಗೆ ಕೈ ಚಾಚಿದರು. ನೀಲವೇಣಿ, "ಒಂದು ನಿಮಿಷ ಅತ್ತೆ" ಎಂದು ಬಟ್ಟಲನ್ನೂ ಮಗುವನ್ನೂ ಎತ್ತಿಕೊಂಡು ಜಗಲಿಗೆ ಹೋದಳು. ನಾವೂ ಹಿಂದೆ ಹೋದೆವು.

"ಅಜ್ಜಿ, ನೀನು ಉಣ್ಣಿಸು."

ಅಕ್ಕಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನನ್ ಕೈ ಬ್ಯಾಡ ಕಣೆ. ನಿಮ್ಮತ್ತೆ ಅವ್ರೆ."

"ಅನ್ನ ನಾನೇ ಬೇಯಿಸಿದೀನಿ. ನಾನೇ ಕೇಳಿದೀನಿ. ಸೊಳ್ಳೆಯಷ್ಟು ಗುನುಗ್ತೈತೆ, ಎಲ್ಲರ ಮನೆ ಅನ್ನದ ಹಂಗೆ. ಹಿಡ್ಕೋ."

"ಬ್ಯಾಡ ಅಂದ್ನಲ್ಲ."

ನೀಲವೇಣಿ ಬಟ್ಟಲನ್ನು ಕೆಳಗಿಟ್ಟಳು. ಸೆರಗು ಸರಿಸಿ ಅಜ್ಜಿಯ ಬಲಗೈಯನ್ನು ಎಳೆದುಕೊಂಡು, ಅದರ ಅಂಗೈಯನ್ನು ತನ್ನ ಕಿವಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿ, ತಟ್ಟೆಯ ಮುಂದೆ ಕೇಳುವಷ್ಟೇ ಹೊತ್ತು ಕೇಳಿದಳು. ಓಣಿಯವರೆಲ್ಲ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಸುಮ್ಕೈತೆ," ಅಂದಳು.

ಅಕ್ಕಯಮ್ಮನಿಗೆ ಆ ಮಾತು ಕೇಳಿಸಿತೋ, ಮೊಮ್ಮಗಳ ತುಟಿ ನೋಡಿ ತಿಳಿದುಕೊಂಡಳೋ, ಗೊತ್ತಿಲ್ಲ. ಅವಳು ಬಟ್ಟಲಿನಿಂದ ಒಂದು ಅಗುಳಿನಷ್ಟು ಅನ್ನ ತೆಗೆದು, ಬೆರಳಲ್ಲಿ ನುರಿದು, ಮಗುವಿನ ಬಾಯಿಗೆ ಇಟ್ಟಳು. ಮಗು ಮುಖ ಹಿಂಡಿತು. ಅರ್ಧ ಅನ್ನ ನಾಲಿಗೆಯಿಂದ ಆಚೆ ಬಂದು ಗಲ್ಲಕ್ಕೆ ಮೆತ್ತಿತು. ಉಳಿದರ್ಧ ಒಳಗೆ ಹೋಯಿತು. ಅದು ಯೋಚಿಸುವವರ ಹಾಗೆ ಸ್ವಲ್ಪ ಹೊತ್ತು ಬಾಯಾಡಿಸಿ, ಮುದುಕಿಯ ಬೆರಳನ್ನೇ ನೋಡುತ್ತಾ ಮತ್ತೆ ಬಾಯಿ ತೆರೆಯಿತು.